ನಿಮಗಿದು ಗೊತ್ತೇ? ಬ್ಯಾಟರಿ ತೆಗೆದರೆ ಪಿಎಲ್‌ಸಿ ಏನನ್ನು ಮರೆಯುತ್ತದೆ?

ಕಾರ್ಖಾನೆಯ ಪ್ಯಾನೆಲ್ ಒಳಗೆ ಕೂತು ಕನ್ವೇಯರ್, ಪ್ರೆಸ್, ಬಾಯ್ಲರ್, ಬಾಟಲಿ ತುಂಬುವ ಯಂತ್ರಗಳನ್ನು ನಡೆಸುವ ಚಿಕ್ಕ ಕಂಪ್ಯೂಟರೇ ಪಿಎಲ್‌ಸಿ. ಮಾರುಕಟ್ಟೆಗೆ ಬಂದ ಮೊದಲ ಪಿಎಲ್‌ಸಿಗಳಲ್ಲಿ ಒಂದಾದ ಮೋಡಿಕಾನ್ 084ಕ್ಕೆ ಪ್ರೋಗ್ರಾಂ ನೆನಪಿಟ್ಟುಕೊಳ್ಳಲು ಬ್ಯಾಟರಿಯೇ ಬೇಕಿರಲಿಲ್ಲ! 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, ಗೋಡೆ ತುಂಬ ಹರಡಿದ್ದ ರಿಲೇಗಳ ಜಾಗದಲ್ಲಿ ಕೂರುವಂಥ ಒಂದು ಕಂಟ್ರೋಲರ್ ಬೇಕೆಂದು ಕೇಳಿತು. ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ ಪ್ಯಾನೆಲ್‌ಗಳ ವೈರಿಂಗ್ ಕಿತ್ತು ಮತ್ತೆ ಮಾಡಬೇಕಿತ್ತು. ಅದು ತಪ್ಪಬೇಕು ಎಂಬುದು ಅವರ ಬೇಡಿಕೆ. ಡಿಕ್ ಮೋರ್ಲಿ ಮತ್ತು ಬೆಡ್‌ಫರ್ಡ್ ಅಸೋಸಿಯೇಟ್ಸ್‌ನ ಸಂಗಡಿಗರು ಅದಕ್ಕೆ ಕೊಟ್ಟ ಉತ್ತರವೇ ಮೋಡಿಕಾನ್ 084. ಅದು ಅವರ 84ನೇ ಯೋಜನೆಯಾಗಿತ್ತು, ಹಾಗಾಗಿ ಆ ಸಂಖ್ಯೆ. ಅದರಲ್ಲಿ ಫ್ಯಾನ್ ಇರಲಿಲ್ಲ, ಆನ್-ಆಫ್ ಸ್ವಿಚ್ಚೂ ಇರಲಿಲ್ಲ. ಪ್ರೋಗ್ರಾಂ ಇರುತ್ತಿದ್ದುದು ಮ್ಯಾಗ್ನೆಟಿಕ್ ಕೋರ್ ಮೆಮೊರಿಯಲ್ಲಿ, ಅಂದರೆ ತಂತಿಯಲ್ಲಿ ಪೋಣಿಸಿದ ಸಣ್ಣ ಸಣ್ಣ ಫೆರೈಟ್ ಉಂಗುರಗಳಲ್ಲಿ. ಉಂಗುರ ಒಮ್ಮೆ ಯಾವ ದಿಕ್ಕಿಗೆ ಕಾಂತವಾಯಿತೋ ಹಾಗೆಯೇ ಉಳಿಯುತ್ತದೆ. ಕರೆಂಟು ಹೋದರೂ ಅದಕ್ಕೆ ಗೊಡವೆಯಿಲ್ಲ.

ಹಾಗಿದ್ದರೆ ಬ್ಯಾಟರಿ ಬಂದದ್ದು ಯಾವಾಗ? ಕೋರ್ ಮೆಮೊರಿಯನ್ನು ಸೆಮಿಕಂಡಕ್ಟರ್ ಚಿಪ್‌ಗಳು ಹೊರದಬ್ಬಿದಾಗ. 1969–70ರಲ್ಲಿ ಇಂಟೆಲ್‌ನ ಮೊದಲ ಮೆಮೊರಿ ಚಿಪ್‌ಗಳು ಮಾರುಕಟ್ಟೆಗೆ ಬಂದವು. ಮುಂದಿನ ವರ್ಷಗಳಲ್ಲಿ ಇಂಥ ಚಿಪ್‌ಗಳು ಅಗ್ಗವಾದವು, ವೇಗವಾದವು, ಜಾಗವನ್ನೂ ಉಳಿಸಿದವು. ಆದರೆ ಕರೆಂಟು ಹೋದ ಕ್ಷಣ ಅವುಗಳಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಆ ಕೊರತೆ ತುಂಬಲು ಚಿಪ್‌ನ ಪಕ್ಕದಲ್ಲಿ ಒಂದು ಪುಟ್ಟ ಸೆಲ್ ಇಟ್ಟರು. ದಶಕಗಳ ಕಾಲ ಎಷ್ಟೋ ಕಾರ್ಖಾನೆಗಳ ನೆನಪು ಆ ಸೆಲ್‌ ಮೇಲೆಯೇ ನಿಂತಿತ್ತು. ಹಳೆಯ ಯಂತ್ರಗಳಲ್ಲಿ ಇವತ್ತಿಗೂ ನಿಂತಿದೆ.

ಇಂಥ ಮೆಮೊರಿಯಾದ ಸ್ಟ್ಯಾಟಿಕ್ ರ‍್ಯಾಮ್ ಚಿಪ್ ಕೆಲಸ ಮಾಡಲು ಸಾಮಾನ್ಯವಾಗಿ 5 ವೋಲ್ಟ್ ಬೇಕು. ಆದರೆ ಬರೆದದ್ದನ್ನು ಉಳಿಸಿಕೊಳ್ಳಲು ಮಾತ್ರವಾದರೆ, ಕಡಿಮೆ ವಿದ್ಯುತ್ತಿನ ಅನೇಕ ಚಿಪ್‌ಗಳಿಗೆ 2 ವೋಲ್ಟ್ ಸಾಕು. ಆಗ ಎಳೆಯುವ ಕರೆಂಟು ಕೆಲವೇ ಮೈಕ್ರೋಆಂಪಿಯರ್. ಇಡೀ ಸರ್ಕ್ಯೂಟ್ 20 ಮೈಕ್ರೋಆಂಪಿಯರ್ ಎಳೆಯುತ್ತದೆ ಎಂದುಕೊಂಡು ಲೆಕ್ಕ ಹಾಕಿ. 2.3 ಆಂಪಿಯರ್-ಅವರ್ ಸೆಲ್ 1,15,000 ಗಂಟೆ ತಡೆಯಬೇಕು. ಅದು ಸುಮಾರು 13 ವರ್ಷ. ಅದೇ ಸರ್ಕ್ಯೂಟ್ 200 ಮೈಕ್ರೋಆಂಪಿಯರ್ ಎಳೆದರೆ ಆಯುಷ್ಯ ಒಂದು ವರ್ಷ ನಾಲ್ಕು ತಿಂಗಳಿಗೆ ಇಳಿಯುತ್ತದೆ. ದೊಡ್ಡ ಮೆಮೊರಿಯ ಸಿಪಿಯುಗಳ ಬ್ಯಾಟರಿ ಬೇಗ ಖಾಲಿಯಾಗುವುದು ಇದೇ ಕಾರಣಕ್ಕೆ.

ಯಂತ್ರ ಓಡುತ್ತಿರುವಾಗ ಆ ಬ್ಯಾಟರಿಗೆ ಬಹುಮಟ್ಟಿಗೆ ಕೆಲಸವೇ ಇರುವುದಿಲ್ಲ. ಮೆಮೊರಿಗೆ ಬೇಕಾದ ವಿದ್ಯುತ್ತು ಪವರ್ ಸಪ್ಲೈನಿಂದಲೇ ಸಿಗುತ್ತದೆ. ಸೆಲ್‌ನ ಮೇಲೆ ಭಾರ ಬೀಳುವುದು ಮೇನ್ ಸ್ವಿಚ್ ಇಳಿಸಿದಾಗ ಮಾತ್ರ. ಹಾಗಾಗಿ ಹಗಲೂ ರಾತ್ರಿ ಓಡುವ ಯಂತ್ರದ ಸೆಲ್‌ಗಿಂತ, ಸ್ಟೋರ್‌ನ ಕಪಾಟಿನಲ್ಲಿ ಸೆಲ್ ಹಾಕಿಟ್ಟ ಸ್ಪೇರ್ ಸಿಪಿಯುನ ಸೆಲ್ ಬೇಗ ಸಾಯುತ್ತದೆ. ವರ್ಷಗಟ್ಟಲೆ ಜೋಪಾನ ಮಾಡಿದ ಸ್ಪೇರ್ ಅನ್ನು ಅವಸರದಲ್ಲಿ ತಂದು ಕೂರಿಸಿದರೆ, ಅದರೊಳಗೆ ಹಿಂದೊಮ್ಮೆ ತುಂಬಿಟ್ಟ ಪ್ರೋಗ್ರಾಂ ಇರುವುದೇ ಇಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಸತ್ತ ಸೆಲ್ ಇಟ್ಟುಕೊಂಡೇ ಯಂತ್ರ ತಿಂಗಳುಗಟ್ಟಲೆ ಚೆನ್ನಾಗಿ ಓಡುತ್ತಿರುತ್ತದೆ. ಪ್ಯಾನೆಲ್ ಬಾಗಿಲು ಮುಚ್ಚಿದ್ದರೆ ಸೆಲ್ ಸತ್ತಿದೆ ಎಂದು ಹೇಳುವ ಒಳಗಿನ ಕೆಂಪು ದೀಪ ಯಾರ ಕಣ್ಣಿಗೂ ಬೀಳುವುದಿಲ್ಲ. ಆಯುಧಪೂಜೆ ಬರುತ್ತದೆ. ಯಂತ್ರ ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಬೂದುಗುಂಬಳಕಾಯಿ ಒಡೆದು, ಮೇನ್ ಇಳಿಸಿ ಎಲ್ಲರೂ ಊರಿಗೆ ಹೋಗುತ್ತಾರೆ. ರಜೆ ಮುಗಿದು ಸ್ವಿಚ್ ಹಾಕಿದಾಗ ಪ್ರೋಗ್ರಾಂ ಮಾಯವಾಗಿರುತ್ತದೆ. ದೋಷ ಹುಟ್ಟಿದ್ದು ರಜೆಗಿಂತ ಎಷ್ಟೋ ಮೊದಲು, ಬಯಲಾದದ್ದು ಮಾತ್ರ ರಜೆಯ ನಂತರ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಕೆಲವು ಪ್ಯಾನೆಲ್‌ಗಳನ್ನೇ ಆಫ್ ಮಾಡಿಡುವ ಸಕ್ಕರೆ ಕಾರ್ಖಾನೆಗಳಲ್ಲಿ ಈ ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. 2020ರ ಮಾರ್ಚ್ 25ರಂದು ಶುರುವಾದ ಲಾಕ್‌ಡೌನ್ ದೇಶದ ಎಷ್ಟೋ ಕಾರ್ಖಾನೆಗಳನ್ನು ಒಂದೇ ಸಲ ಈ ಪರೀಕ್ಷೆಗೆ ಕೂರಿಸಿತು.

ಬ್ಯಾಟರಿ ಇಲ್ಲದೆ ಪಿಎಲ್‌ಸಿ ಓಡಿಸಬಹುದೇ? ಓಡಿಸಬಹುದು, ಹಾಗೆ ಓಡಿಸಲೆಂದೇ ಕೆಲವು ತಯಾರಕರು ಸೆಟ್ಟಿಂಗ್ ಕೊಟ್ಟಿದ್ದಾರೆ. ಆದರೆ ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಲ್ಲ, ಮೂರು. ಪ್ರೋಗ್ರಾಂ ಉಳಿಯುತ್ತದೆಯೇ? ಯಂತ್ರ ಓಡುತ್ತಾ ಕೂಡಿಸಿಕೊಂಡ ಡೇಟಾ ಉಳಿಯುತ್ತದೆಯೇ? ಗಡಿಯಾರ ಉಳಿಯುತ್ತದೆಯೇ? ಈ ಮೂರಕ್ಕೂ ಒಂದೇ ಉತ್ತರ ಇರುವುದು ಬಹಳ ಅಪರೂಪ. ‘ಇದು ಫ್ಲ್ಯಾಶ್ ಮೆಮೊರಿ ಸಾರ್, ಬ್ಯಾಟರಿ ಬೇಡ’ ಎಂಬ ಮಾತು ಹೆಚ್ಚಿನ ಸಲ ಮೊದಲನೆಯದಕ್ಕೆ ಮಾತ್ರ ನಿಜ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ.

ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉತ್ಪಾದನೆಯ ಲೆಕ್ಕ, ಮೋಟಾರ್ ಓಡಿದ ಗಂಟೆಗಳು, ಆಪರೇಟರ್ ಸ್ಕ್ರೀನ್‌ನಲ್ಲಿ ತುಂಬಿದ ತಾಪಮಾನ, ಯಾವ ಉತ್ಪನ್ನಕ್ಕೆ ಯಾವ ಅಳತೆ ಎಂಬ ರೆಸಿಪಿ ಎಲ್ಲವೂ ಇರುವುದು ಡೇಟಾ ಮೆಮೊರಿಯಲ್ಲಿ. ಯಂತ್ರ ಸದ್ಯ ಯಾವ ಹಂತದಲ್ಲಿದೆ ಎಂಬ ಸ್ಟೆಪ್ ನಂಬರ್ ಕೂಡ ಅಲ್ಲೇ ಇರಬಹುದು. ಕ್ಲ್ಯಾಂಪ್‌ನಲ್ಲಿ ಜಾಬ್ ಹಿಡಿದುಕೊಂಡು, ಡ್ರಿಲ್ ಅರ್ಧ ಇಳಿದಿರುವಾಗ ಕರೆಂಟು ಹೋಯಿತು ಎನ್ನೋಣ. ಕರೆಂಟು ಬಂದಾಗ ಸ್ಟೆಪ್ ನಂಬರ್ ಸೊನ್ನೆಯಾಗಿದ್ದರೆ, ಆ ಪ್ರೋಗ್ರಾಂ ಪ್ರಕಾರ ಯಂತ್ರ ‘ಇನ್ನೂ ಶುರುವೇ ಆಗಿಲ್ಲ’. ಕ್ಲ್ಯಾಂಪ್ ಬಿಚ್ಚಿಕೊಳ್ಳಬಹುದು. ಹಾಗಾಗಿ ಬ್ಯಾಟರಿ ಇಲ್ಲದೆ ಓಡಬೇಕಾದ ಯಂತ್ರದ ಪ್ರೋಗ್ರಾಂ, ಸೆನ್ಸರ್‌ಗಳನ್ನು ಓದಿ ಸಿಲಿಂಡರ್ ಎಲ್ಲಿದೆ, ಜಾಬ್ ಇದೆಯೇ ಎಂದು ತಾನೇ ತಿಳಿದುಕೊಳ್ಳುವಂತಿರಬೇಕು. ಆಪರೇಟರ್ ಹೋಮ್ ಬಟನ್ ಒತ್ತುವವರೆಗೆ ಒಂದೂ ಔಟ್‌ಪುಟ್ ಆನ್ ಆಗಬಾರದು. ಈ ಬರವಣಿಗೆಯ ಖರ್ಚು ಸೆಲ್‌ನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಬ್ಯಾಟರಿ ಇರಲಿ ಬಿಡಲಿ ಇದನ್ನು ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮ್ರಾನ್ ಕಂಪನಿಯ ಪಿಎಲ್‌ಸಿಗಳ ಸೆಟಪ್‌ನಲ್ಲಿ ‘ಬ್ಯಾಟರಿ ಕಡಿಮೆಯಾದುದನ್ನು ಪತ್ತೆ ಮಾಡಬೇಡ, ಬ್ಯಾಟರಿ ಇಲ್ಲದೆ ಓಡು’ ಎಂಬ ಅರ್ಥದ ಒಂದು ಆಯ್ಕೆ ನೇರವಾಗಿಯೇ ಇದೆ. ಸಿಪಿ1ಎಚ್, ಸಿಪಿ1ಎಲ್ ಮಾದರಿಗಳಲ್ಲಿ ಪ್ರೋಗ್ರಾಂ ಮತ್ತು ಸೆಟ್ಟಿಂಗ್‌ಗಳು ಒಳಗಿನ ಫ್ಲ್ಯಾಶ್‌ನಲ್ಲಿ ಕೂತಿರುವುದರಿಂದ ಅವಕ್ಕೆ ಧಕ್ಕೆಯಿಲ್ಲ. ಆದರೆ ಸೆಲ್ ಇಲ್ಲದಿದ್ದರೆ ಡಿಎಂ ಎಂಬ ಡೇಟಾ ಮೆಮೊರಿ ಮತ್ತು ಹೋಲ್ಡಿಂಗ್ ಏರಿಯಾ, ಕೌಂಟರ್‌ಗಳ ಎಣಿಕೆ, ಗಡಿಯಾರ ಇವು ಯಾವುವನ್ನೂ ನಂಬುವಂತಿಲ್ಲ. ‘ನಂಬುವಂತಿಲ್ಲ’ ಎಂದರೆ ಸೊನ್ನೆಯಾಗುತ್ತವೆ ಎಂದು ಭಾವಿಸಬೇಡಿ, ಅಲ್ಲಿ ಯಾವ ಸಂಖ್ಯೆ ಬೇಕಾದರೂ ಇರಬಹುದು. ತಾಪಮಾನದ ಸೆಟ್‌ಪಾಯಿಂಟ್ ಅಲ್ಲಿದ್ದರೆ ಮುಂದಿನದನ್ನು ನೀವೇ ಊಹಿಸಿ. ಇದಕ್ಕೆ ಪರಿಹಾರವನ್ನೂ ಅದೇ ಪಿಎಲ್‌ಸಿಯಲ್ಲಿ ಇಟ್ಟಿದ್ದಾರೆ: ಡಿಎಂನ ಆರಂಭಿಕ ಮೌಲ್ಯಗಳನ್ನು ಫ್ಲ್ಯಾಶ್‌ಗೆ ಬರೆದಿಟ್ಟು, ಪ್ರತಿ ಸಲ ಪವರ್ ಬಂದಾಗ ಅಲ್ಲಿಂದ ಓದಿಕೊಳ್ಳುವಂತೆ ಮಾಡಬಹುದು.

ಮಿತ್ಸುಬಿಷಿಯ ಎಫ್ಎಕ್ಸ್ ಸರಣಿಯಲ್ಲಿ ಪ್ರೋಗ್ರಾಂ ಒಳಗಿನ ಎಂ8030 ಎಂಬ ವಿಶೇಷ ರಿಲೇ ಇದೆ. ಅದನ್ನು ಆನ್ ಮಾಡಿದರೆ ಸೆಲ್ ಸತ್ತರೂ ಮುಂಭಾಗದ ‘ಬ್ಯಾಟ್’ ದೀಪ ಹತ್ತುವುದಿಲ್ಲ. ದಯವಿಟ್ಟು ಗಮನಿಸಿ, ಆರುವುದು ದೀಪ ಮಾತ್ರ. ಎಫ್ಎಕ್ಸ್3ಯು ಮಾದರಿಯಲ್ಲಿ ಪ್ರೋಗ್ರಾಂ ಇರುವುದು ಬ್ಯಾಟರಿ ಕಾಯುವ ರ‍್ಯಾಮ್‌ನಲ್ಲೇ. ಫ್ಲ್ಯಾಶ್ ಮೆಮೊರಿ ಕ್ಯಾಸೆಟ್ ಹಾಕದೆ ಬರೀ ಎಂ8030 ಆನ್ ಮಾಡಿಟ್ಟರೆ, ಬರಲಿರುವ ಅನಾಹುತದ, ಕಣ್ಣಿಗೆ ಕಾಣುವ ಮುನ್ಸೂಚನೆಯನ್ನೂ ಬಾಯಿಮುಚ್ಚಿಸಿದಂತಾಗುತ್ತದೆ. ಅದೇ ಮನೆಯ ಎಫ್ಎಕ್ಸ್1ಎನ್, ಎಫ್ಎಕ್ಸ್1ಎಸ್ ಮಾದರಿಗಳಿಗೆ ಪ್ರೋಗ್ರಾಂಗಾಗಿ ಬ್ಯಾಟರಿ ಬೇಡವೇ ಬೇಡ, ಅವುಗಳಲ್ಲಿ ಕರೆಂಟು ಹೋದರೂ ಅಳಿಸದ ಇಇಪ್ರಾಮ್ ಇದೆ. ಒಂದೇ ಕಂಪನಿ, ಒಂದೇ ಸರಣಿ ಎಂದು ಒಂದರ ಅನುಭವವನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಎಂ8005 ಮತ್ತು ಎಂ8006 ಎಂಬ ಇನ್ನೆರಡು ರಿಲೇಗಳ ಬಗ್ಗೆ ಹೇಳಬೇಕು. ಸೆಲ್‌ನ ವೋಲ್ಟೇಜ್ ಇಳಿದಾಗ ಇವು ಆನ್ ಆಗುತ್ತವೆ. ಎರಡನೆಯದು ಒಮ್ಮೆ ಆನ್ ಆದರೆ ಹಾಗೇ ಹಿಡಿದುಕೊಳ್ಳುತ್ತದೆ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಲ್ಯಾಡರ್‌ನಲ್ಲಿ ಒಂದೇ ಒಂದು ಸಾಲು ಬರೆದರೆ ಈ ಸುದ್ದಿ ಪ್ಯಾನೆಲ್‌ನ ಹೊರಗಿನ ದೀಪಕ್ಕೋ ಆಪರೇಟರ್‌ನ ಸ್ಕ್ರೀನ್‌ಗೋ ಬರುತ್ತದೆ. ಆಮ್ರಾನ್‌ನಲ್ಲಿ ಇದೇ ಕೆಲಸಕ್ಕೆ ಎ402.04, ಅಲೆನ್-ಬ್ರಾಡ್ಲಿಯ ಎಸ್‌ಎಲ್‌ಸಿ 500ರಲ್ಲಿ ಎಸ್:5/11. ಈ ಒಂದು ಸಾಲು ಬರೆಯದೆ ಬಿಟ್ಟಿರುವ ಪ್ರೋಗ್ರಾಂಗಳು ನಮ್ಮ ಕಾರ್ಖಾನೆಗಳಲ್ಲಿ ಬೇಕಾದಷ್ಟಿವೆ. ಇವತ್ತೇ ತೆರೆದು ನೋಡಿ.

ಎಸ್‌ಎಲ್‌ಸಿ 500ರಲ್ಲಿ ಇನ್ನೊಂದು ಒಳ್ಳೆಯ ಏರ್ಪಾಟಿದೆ. ಸಿಪಿಯು ಒಳಗಿನ ಸಾಕೆಟ್‌ನಲ್ಲಿ ಮೆಮೊರಿ ಮಾಡ್ಯೂಲ್ ಕೂರಿಸಿ, ಎಸ್:1/10 ಎಂಬ ಬಿಟ್ ಆನ್ ಮಾಡಿಟ್ಟರೆ, ರ‍್ಯಾಮ್‌ನಲ್ಲಿರುವುದು ಕೆಟ್ಟಿದೆ ಎಂದು ಕಂಡಾಗ ಸಿಪಿಯು ತಾನೇ ಮಾಡ್ಯೂಲ್‌ನಿಂದ ಪ್ರೋಗ್ರಾಂ ಎತ್ತಿಕೊಳ್ಳುತ್ತದೆ. ಆ ಬಿಟ್ ಮಾಡ್ಯೂಲ್‌ನೊಳಗಿನ ಪ್ರೋಗ್ರಾಂನಲ್ಲೂ ಆನ್ ಆಗಿರಬೇಕು. ಆದರೆ ಎತ್ತಿಕೊಂಡದ್ದು ಮಾಡ್ಯೂಲ್‌ಗೆ ಬರೆದ ದಿನದ ಮೌಲ್ಯಗಳನ್ನು. ಅಲ್ಲಿಂದಾಚೆಗೆ ಬದಲಾಯಿಸಿದ ಟೈಮರ್‌ಗಳು, ಸೆಟ್‌ಪಾಯಿಂಟ್‌ಗಳು ಅದರಲ್ಲಿ ಇರುವುದಿಲ್ಲ. ಪ್ರೋಗ್ರಾಂ ತಿದ್ದಿದಾಗಲೆಲ್ಲ ಮಾಡ್ಯೂಲ್‌ಗೂ ಮತ್ತೆ ಬರೆಯಬೇಕು.

ಸೀಮೆನ್ಸ್ ಕಥೆ ಬೇರೆ. ಎಸ್7-300ರ ಹಳೆಯ ಸಿಪಿಯುಗಳಿಗೆ ಬ್ಯಾಟರಿ ಇತ್ತು. ಮೈಕ್ರೋ ಮೆಮೊರಿ ಕಾರ್ಡ್ ಬಳಸುವ ಆಮೇಲಿನ ಸಿಪಿಯುಗಳಲ್ಲಿ ಬ್ಯಾಟರಿಯ ಜಾಗವನ್ನೇ ತೆಗೆದುಹಾಕಿದರು. ಕಾರ್ಡ್ ಇಲ್ಲದೆ ಅವು ಓಡುವುದೇ ಇಲ್ಲ. ದೊಡ್ಡಣ್ಣ ಎಸ್7-400ರಲ್ಲಿ ಸೆಲ್ ಇರುವುದು ಸಿಪಿಯುನಲ್ಲಿ ಅಲ್ಲ, ಪವರ್ ಸಪ್ಲೈ ಮಾಡ್ಯೂಲ್‌ನಲ್ಲಿ. ಅಲ್ಲಿನ ಒಂದು ಪುಟ್ಟ ಸ್ವಿಚ್‌ನಿಂದ ಸೆಲ್‌ನ ಮೇಲ್ವಿಚಾರಣೆಯನ್ನು ಆಫ್ ಮಾಡಬಹುದು. ಆಫ್ ಮಾಡುವುದಾದರೆ ಪ್ರೋಗ್ರಾಂ ಫ್ಲ್ಯಾಶ್ ಕಾರ್ಡ್‌ನಲ್ಲಿ ಇರಲೇಬೇಕು.

ಹೊಸ ಎಸ್7-1200ರಲ್ಲಿ ಪ್ರೋಗ್ರಾಂ ಉಳಿಸಲು ಬ್ಯಾಟರಿ ಇಲ್ಲ. ಗಡಿಯಾರವನ್ನು ಕಾಯುವುದು ಒಂದು ಸೂಪರ್ ಕೆಪಾಸಿಟರ್. ಸಾಮಾನ್ಯವಾಗಿ 20 ದಿನ, 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 12 ದಿನ. ಇನ್ನೂ ಹೆಚ್ಚು ದಿನ ಬೇಕೆನ್ನುವವರಿಗೆ ಕಾಯಿನ್ ಸೆಲ್ ಹಾಕುವ ಚಿಕ್ಕ ಬೋರ್ಡ್ ಪ್ರತ್ಯೇಕವಾಗಿ ಸಿಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ; ಮುಚ್ಚಿದ ಪ್ಯಾನೆಲ್ ಒಳಗೆ ಇನ್ನೂ ಹೆಚ್ಚು. ಆ ಊರುಗಳಲ್ಲಿ 20 ದಿನದ ಲೆಕ್ಕ ಹಿಡಿಯಬೇಡಿ.

ಯಾವುದಾದರೂ ಎಸ್7-300ರ ದಾಖಲೆಯಲ್ಲಿ 1994ರ ಜನವರಿ 1 ಎಂದು ದಿನಾಂಕ ಕಂಡರೆ ಗಾಬರಿ ಬೇಡ. ಕಾರ್ಖಾನೆಯಿಂದ ಬರುವಾಗ ಅದರ ಗಡಿಯಾರ ನಿಂತಿರುವುದೇ ಆ ದಿನಾಂಕದಲ್ಲಿ.

ಗಡಿಯಾರ ತಪ್ಪಿದರೆ ಏನು ಮಹಾ ಎನ್ನುವವರುಂಟು. ಶಿಫ್ಟ್ ಬದಲಾದಾಗ ಲೆಕ್ಕ ಸೊನ್ನೆಗೆ ತರುವುದು, ರಾತ್ರಿ ಪಂಪ್ ಓಡಿಸುವುದು, ವಾರಕ್ಕೊಮ್ಮೆ ಟ್ಯಾಂಕ್ ತೊಳೆಯುವುದು, ಹಾಲಿನ ಬ್ಯಾಚ್‌ಗೆ ಸಮಯ ಬರೆಯುವುದು ಎಲ್ಲವೂ ಗಡಿಯಾರ ನೋಡಿಕೊಂಡೇ ನಡೆಯುವ ಕೆಲಸ. ನೆಟ್‌ವರ್ಕ್ ಇದ್ದರೆ ಸರ್ವರ್‌ನಿಂದ ಸಮಯ ತರಿಸಿಕೊಳ್ಳಿ, ಸೆಲ್‌ನ ಹಂಗೇ ಬೇಡ.

ರಾಕ್‌ವೆಲ್‌ನ ಕಂಟ್ರೋಲ್‌ಲಾಜಿಕ್ಸ್ ಎಲ್7 ಸಿಪಿಯುಗಳಲ್ಲಿ ಬ್ಯಾಟರಿಯ ಜಾಗದಲ್ಲಿ ಕೆಪಾಸಿಟರ್ ಮಾಡ್ಯೂಲ್ ಇದೆ. ಅದರ ಕೆಲಸ ವರ್ಷಗಟ್ಟಲೆ ಕಾಯುವುದಲ್ಲ. ಕರೆಂಟು ಹೋದೊಡನೆ, ರ‍್ಯಾಮ್‌ನಲ್ಲಿರುವುದನ್ನೆಲ್ಲ ಒಳಗಿನ ಫ್ಲ್ಯಾಶ್‌ಗೆ ಬರೆದು ಮುಗಿಸುವಷ್ಟು ಹೊತ್ತು ಸಿಪಿಯುವನ್ನು ಜೀವಂತ ಇಟ್ಟರೆ ಸಾಕು. ಹಿಂದಿನ ಎಲ್6 ಸಿಪಿಯುಗಳಲ್ಲಿ ಸೆಲ್ ಇಲ್ಲದೆ, ಕಾರ್ಡ್‌ನಲ್ಲಿ ಪ್ರತಿಯೂ ಇಲ್ಲದೆ ಪವರ್ ಹೋದರೆ ಪ್ರೋಗ್ರಾಂ ಹೋದಂತೆಯೇ. ಬ್ಯಾಟರಿ ಇಲ್ಲದ ಪಿಎಲ್‌ಸಿಯ ಕಥೆಯಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವ ಉಪಾಯ ಈ ಕೆಪಾಸಿಟರಿನದು.

ಫ್ಲ್ಯಾಶ್ ಇದೆಯಲ್ಲ, ಡೇಟಾವನ್ನೂ ಅಲ್ಲಿಗೇ ಬರೆದುಬಿಡೋಣ ಎಂದು ಅನೇಕರಿಗೆ ಅನ್ನಿಸುತ್ತದೆ. ಲೆಕ್ಕ ನೋಡಿ. ಒಂದು ಫ್ಲ್ಯಾಶ್ ಜಾಗವನ್ನು 1,00,000 ಸಲ ಅಳಿಸಿ ಬರೆಯಬಹುದು ಎಂದಿಟ್ಟುಕೊಳ್ಳಿ. ಪಿಎಲ್‌ಸಿಯ ಸ್ಕ್ಯಾನ್, ಅಂದರೆ ಪ್ರೋಗ್ರಾಂ ಒಂದು ಸುತ್ತು ಓಡುವ ಸಮಯ, 10 ಮಿಲಿಸೆಕೆಂಡ್. ಪ್ರತಿ ಸ್ಕ್ಯಾನ್‌ನಲ್ಲೂ ಅದೇ ಜಾಗಕ್ಕೆ ಬರೆದರೆ ಸೆಕೆಂಡಿಗೆ 100 ಸಲ. ಹಾಗಾದರೆ 1,000 ಸೆಕೆಂಡಿನಲ್ಲಿ, ಅಂದರೆ 17 ನಿಮಿಷಕ್ಕೂ ಮೊದಲೇ, ಆ ಜಾಗದ ಆಯುಷ್ಯ ಮುಗಿಯಿತು. ಬರೆಯುವ ಆಜ್ಞೆಯನ್ನು ಶಿಫ್ಟ್ ಮುಗಿದಾಗ ಅಥವಾ ರೆಸಿಪಿ ಬದಲಾದಾಗ ಮಾತ್ರ, ಒಂದೇ ಸಲ ಕೆಲಸ ಮಾಡುವಂತೆ ಪಲ್ಸ್ ಮೂಲಕ ಕೊಡಬೇಕು.

ಎಫ್‌ರ‍್ಯಾಮ್ ಎಂಬ ಇನ್ನೊಂದು ಜಾತಿಯ ಮೆಮೊರಿ ಇದೆ. ಅದಕ್ಕೆ ಬ್ಯಾಟರಿಯೂ ಬೇಡ, ಬರೆದು ಬರೆದು ಸವೆಯುವ ಚಿಂತೆಯೂ ಇಲ್ಲ. ಅಂಥ ಕೆಲವು ಚಿಪ್‌ಗಳ ತಯಾರಕರು ಕೊಡುವ ಭರವಸೆ 100 ಲಕ್ಷ ಕೋಟಿ ಸಲ. ಅದೇ ಸೆಕೆಂಡಿಗೆ 100ರ ಲೆಕ್ಕದಲ್ಲಿ 31,000 ವರ್ಷಕ್ಕೂ ಹೆಚ್ಚು.

ಫ್ಲ್ಯಾಶ್ ಮೆಮೊರಿ ಕಂಡುಹಿಡಿದವರು ಜಪಾನಿನ ಫುಜಿಯೊ ಮಸುವೊಕಾ. ತೊಷಿಬಾ ಕಂಪನಿಯಲ್ಲಿದ್ದಾಗ 1984ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟರು. ಅದಕ್ಕೂ ಮೊದಲು 1971ರಲ್ಲಿ ಇಂಟೆಲ್‌ನ ಡೊವ್ ಫ್ರೊಮನ್ ಈಪ್ರಾಮ್ ಕೊಟ್ಟಿದ್ದರು. ಅದರ ಬೆನ್ನಿಗೊಂದು ಗಾಜಿನ ಕಿಟಕಿ. ಒಳಗಿರುವುದನ್ನು ಅಳಿಸಲು ಆ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಹಾಯಿಸಬೇಕು. ಹಳೆಯ ಪಿಎಲ್‌ಸಿಯ ಚಿಪ್ ಮೇಲೆ ಅಂಟಿಸಿರುವ ಸ್ಟಿಕ್ಕರ್ ಆ ಕಿಟಕಿಗೆ ಪರದೆ. ಕಿತ್ತು ನೋಡುವ ಕುತೂಹಲ ಬೇಡ.

ಬ್ಯಾಟರಿ ಕಾಯುವ ಈ ಮೆಮೊರಿ ಕಾರ್ಖಾನೆಯ ಸೊತ್ತು ಮಾತ್ರವಲ್ಲ. 1984ರ ಐಬಿಎಂ ಪಿಸಿ/ಎಟಿ ಕಂಪ್ಯೂಟರ್ ತನ್ನ ಗಡಿಯಾರ ಮತ್ತು ಸೆಟ್ಟಿಂಗ್‌ಗಳನ್ನು ಹೀಗೆಯೇ ಉಳಿಸಿಕೊಳ್ಳುತ್ತಿತ್ತು. ಅಮೆರಿಕದಲ್ಲಿ 1987ರಲ್ಲಿ ಬಿಡುಗಡೆಯಾದ ನಿಂಟೆಂಡೊದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಕಾರ್ಟ್ರಿಡ್ಜ್‌ನೊಳಗೂ ಆಟ ಎಲ್ಲಿಗೆ ನಿಂತಿತ್ತು ಎಂದು ನೆನಪಿಡಲು ಒಂದು ಸೆಲ್ ಇತ್ತು. 1993ರ ಕ್ಯಾಪ್‌ಕಾಮ್ ಸಿಪಿಎಸ್-2 ಆಟದ ಯಂತ್ರಗಳಲ್ಲಂತೂ ಪ್ರೋಗ್ರಾಂನ ಬೀಗ ತೆಗೆಯುವ ಗುಪ್ತ ಸಂಖ್ಯೆಯೇ ಬ್ಯಾಟರಿ ಕಾಯುವ ಮೆಮೊರಿಯಲ್ಲಿತ್ತು. ಸೆಲ್ ಸತ್ತರೆ ಆಟವೂ ಸತ್ತಂತೆ.

ಬೆಂಗಳೂರಿನ ಪೀಣ್ಯದ ಯಾವುದೇ ಮಷೀನ್ ಶಾಪ್‌ನಲ್ಲಿ ವಿಚಾರಿಸಿ, ಸಿಎನ್‌ಸಿ ಯಂತ್ರದ ಬ್ಯಾಟರಿ ಎಂದೊಡನೆ ಆಪರೇಟರ್ ಎಚ್ಚರವಾಗುತ್ತಾರೆ. ಅಲ್ಲಿ ಎರಡು ಬಗೆಯ ಬ್ಯಾಟರಿ ಇರುತ್ತವೆ. ಕಂಟ್ರೋಲ್ ಒಳಗಿನದು ಪ್ರೋಗ್ರಾಂ, ಪ್ಯಾರಾಮೀಟರ್ ಮತ್ತು ಟೂಲ್ ಆಫ್‌ಸೆಟ್ ಕಾಯುತ್ತದೆ. ಇನ್ನೊಂದು, ಆಬ್ಸಲ್ಯೂಟ್ ಎನ್‌ಕೋಡರ್‌ಗೆ ಸೇರಿದ್ದು, ಯಂತ್ರದ ಪ್ರತಿ ಅಕ್ಷ ಎಲ್ಲಿ ನಿಂತಿದೆ ಎಂಬುದನ್ನು ಕಾಯುತ್ತದೆ. ಪ್ಯಾರಾಮೀಟರ್ ಹೋದರೆ ಬ್ಯಾಕಪ್ ಪ್ರತಿಯಿಂದ ತುಂಬಬಹುದು. ಸ್ಥಾನದ ನೆನಪು ಹೋದರೆ ಅದಕ್ಕೆ ಯಾವ ಪ್ರತಿಯೂ ಇಲ್ಲ. ಯಂತ್ರದ ರೆಫರೆನ್ಸ್ ಮತ್ತೆ ಕೂರಿಸಬೇಕು. ರೋಬೋ ತೋಳಾದರೆ ಪ್ರತಿ ಕೀಲನ್ನೂ ಗುರುತಿಗೆ ತಂದು ಮಾಸ್ಟರಿಂಗ್ ಮಾಡಬೇಕು. ಎನ್‌ಕೋಡರ್ ಬ್ಯಾಟರಿಯನ್ನು ಯಂತ್ರದ ಪವರ್ ಆನ್ ಇಟ್ಟುಕೊಂಡೇ ಬದಲಾಯಿಸಬೇಕು ಎಂದು ಫಾನುಕ್ ಕೈಪಿಡಿಗಳು ಎಚ್ಚರಿಸುವುದು ಅದಕ್ಕೇ.

ನೋಡಲು ಒಂದೇ ಥರ, ಒಳಗೆ ಬೇರೆ! ಅನೇಕ ಪಿಎಲ್‌ಸಿಗಳ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್, ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್‌ನ ಅಳತೆಯಲ್ಲೇ ಬರುತ್ತದೆ. ಆದರೆ ಅದರ ವೋಲ್ಟೇಜ್ 3.6, ಪೆನ್ಸಿಲ್ ಸೆಲ್‌ನದು 1.5. ಅಂಗಡಿಯಿಂದ ತಂದ ಪೆನ್ಸಿಲ್ ಸೆಲ್ ಪಿಎಲ್‌ಸಿಯ ನೆನಪನ್ನು ಹಿಡಿದಿಡಲಾರದು. ಪಿಎಲ್‌ಸಿಯ ಸೆಲ್ಲನ್ನು ಟಾರ್ಚಿಗೆ ಹಾಕುವುದೂ ತಪ್ಪೇ.

ಈ ಲಿಥಿಯಂ ಸೆಲ್ ಸುಮ್ಮನೆ ಇಟ್ಟರೆ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಪಾಲು ಮಾತ್ರ ಕಳೆದುಕೊಳ್ಳುತ್ತದೆ. ಒಳಗೆ ಲಿಥಿಯಂ ಮೇಲೆ ತಾನೇ ಕಟ್ಟಿಕೊಳ್ಳುವ ತೆಳುವಾದ ಪದರ ಅದನ್ನು ಕಾಯುತ್ತದೆ. ಅದೇ ಪದರದ ದೆಸೆಯಿಂದ, ಬಹಳ ಕಾಲ ಬಿದ್ದಿದ್ದ ಸೆಲ್ ಮೊದಲ ಕ್ಷಣದಲ್ಲಿ ಕಡಿಮೆ ವೋಲ್ಟೇಜ್ ತೋರಿಸಬಹುದು. ಇನ್ನೂ ಮುಖ್ಯವಾದ ಗುಣ ಮತ್ತೊಂದಿದೆ: ಇದರ ವೋಲ್ಟೇಜ್ ಆಯುಷ್ಯದುದ್ದಕ್ಕೂ ಬಹುತೇಕ ಒಂದೇ ಮಟ್ಟದಲ್ಲಿದ್ದು, ಕೊನೆಗಾಲದಲ್ಲಿ ಗಕ್ಕನೆ ಬೀಳುತ್ತದೆ. ಮೀಟರ್ ಹಿಡಿದು 3.6 ತೋರಿಸಿದರೆ ಇನ್ನೆಷ್ಟು ದಿನ ಉಳಿದಿದೆ ಎಂದು ಗೊತ್ತಾಗುವುದಿಲ್ಲ. ನೆಚ್ಚಬಹುದಾದದ್ದು, ಸೆಲ್‌ನ ಮೇಲೆ ಹಾಕಿದ ದಿನ ಬರೆದಿಟ್ಟ ತಾರೀಖನ್ನು ಮಾತ್ರ.

ಸೆಲ್ ಬದಲಾಯಿಸುವ ರೀತಿ ಮಾದರಿಯಿಂದ ಮಾದರಿಗೆ ಬೇರೆ. ಆಮ್ರಾನ್ ಸಿಪಿ1 ಸರಣಿಯಲ್ಲಿ ಮೊದಲು ಕನಿಷ್ಠ 5 ನಿಮಿಷ ಪವರ್ ಕೊಟ್ಟು ಒಳಗಿನ ಕೆಪಾಸಿಟರ್ ತುಂಬಿಸಿಕೊಳ್ಳಬೇಕು, ಪವರ್ ತೆಗೆದ ಮೇಲೆ 5 ನಿಮಿಷದೊಳಗೆ ಹೊಸ ಸೆಲ್ ಹಾಕಿ ಮುಗಿಸಬೇಕು. ಎಫ್ಎಕ್ಸ್2ಎನ್‌ನಲ್ಲಿ ಆ ಅವಕಾಶ ಸುಮಾರು 20 ಸೆಕೆಂಡ್. ಎಸ್7-400ರಲ್ಲಿ ಹೊಸ ಸೆಲ್ ಹಾಕಿದ ಮೇಲೆ ಎಫ್‌ಎಂಆರ್ ಎಂಬ ಗುಂಡಿ ಒತ್ತದಿದ್ದರೆ ದೀಪ ಆರುವುದಿಲ್ಲ. ಆ ಸಿಪಿಯುಗೆ ಹೊರಗಿನಿಂದ 5ರಿಂದ 15 ವೋಲ್ಟ್ ಕೊಟ್ಟು ನೆನಪು ಕಾಯುವ ಸಾಕೆಟ್ ಕೂಡ ಇದೆ. ಎಷ್ಟೋ ಜನ ಅದನ್ನು ನೋಡಿದ್ದಾರೆ, ಅದೇತಕ್ಕೆಂದು ಕೇಳಿಲ್ಲ.

ಎಲ್ಲಕ್ಕಿಂತ ಮೊದಲು ಪ್ರೋಗ್ರಾಂನ ಪ್ರತಿ ಲ್ಯಾಪ್‌ಟಾಪ್‌ಗೆ ಇಳಿಯಲಿ. ಇಲ್ಲೊಂದು ಸೂಕ್ಷ್ಮವಿದೆ. ಎಸ್‌ಎಲ್‌ಸಿ, ಪಿಎಲ್‌ಸಿ-5ರಂಥ ಹಳೆಯ ಪಿಎಲ್‌ಸಿಗಳಿಂದ ಅಪ್‌ಲೋಡ್ ಮಾಡಿದರೆ ಲ್ಯಾಡರ್ ಬರುತ್ತದೆ, ಅದನ್ನು ಬರೆದವರ ಟಿಪ್ಪಣಿಗಳು ಬರುವುದಿಲ್ಲ. ‘ಗೇಟ್ ಮುಚ್ಚಿದೆ’ ಎಂಬ ಹೆಸರಿದ್ದ ಕಡೆ ಬರೀ ನಂಬರ್ ಇರುತ್ತದೆ. ಯಾವ ನಂಬರ್ ಯಾವ ವೈರ್ ಎಂದು ಪ್ಯಾನೆಲ್ ಮುಂದೆ ನಿಂತು ಹುಡುಕಬೇಕಾಗುತ್ತದೆ. ಯಂತ್ರ ಮಾಡಿಕೊಟ್ಟವರಿಂದ ಟಿಪ್ಪಣಿ ಸಹಿತವಾದ ಮೂಲ ಫೈಲ್ ಕೇಳಿ ಪಡೆಯುವುದು ಕೊಂಡವರ ಹಕ್ಕು ಎಂದೇ ನಾನು ಭಾವಿಸುತ್ತೇನೆ, ಪರ್ಚೇಸ್ ಆರ್ಡರ್‌ನಲ್ಲೇ ಅದನ್ನು ಬರೆಸಿ.

ತೆಗೆದ ಸೆಲ್ಲನ್ನು ಬೆಂಕಿಗೆ ಹಾಕಬಾರದು, ಚಾರ್ಜ್ ಮಾಡಬಾರದು, ಸ್ಪ್ಯಾನರ್‌ಗಳ ಡಬ್ಬಿಯಲ್ಲಿ ಎಸೆಯಬಾರದು. ಎರಡೂ ತುದಿಗೆ ಟೇಪ್ ಸುತ್ತಿಡಬೇಕು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಕಾರಿನ ಬ್ಯಾಟರಿಯಿಂದ ಹಿಡಿದು ಇಂಥ ಪುಟ್ಟ ಸೆಲ್‌ವರೆಗೆ ಎಲ್ಲಕ್ಕೂ ಅನ್ವಯಿಸುತ್ತವೆ. ಬಳಸಿದ್ದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ.

ಹೊಸ ಸೆಲ್ ತರಿಸುವವರಿಗೂ ಒಂದು ಮಾತು. ಲಿಥಿಯಂ ಲೋಹದ ಬಿಡಿ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರ ಜನವರಿ 1ರಿಂದ ನಿಷೇಧಿಸಿದೆ. ಸರಕು ವಿಮಾನವೋ ಹಡಗೋ ಲಾರಿಯೋ ಆಗಬೇಕು. ದೀಪ ಹತ್ತಿದ ಮೇಲೆ ಆರ್ಡರ್ ಮಾಡಿದರೆ ಸೆಲ್ ಬರುವ ಹೊತ್ತಿಗೆ ತಡವಾಗಿರಬಹುದು. ವಾರ್ಷಿಕ ಶಟ್‌ಡೌನ್‌ಗೆ ತಿಂಗಳಿರುವಾಗಲೇ ಸ್ಟೋರ್‌ನಲ್ಲಿ ಸೆಲ್ ಇದೆಯೇ ಎಂದು ನೋಡಿಕೊಳ್ಳಿ. ಮೇನ್ ಇಳಿಸುವುದಕ್ಕೆ ಮೊದಲೇ ಅದನ್ನು ಬದಲಾಯಿಸಿ, ನಂತರವಲ್ಲ.